ಟ್ರಂಪೆಟ್ ‘ಸಿ’, ಯುಫೋನಿಯಂ ‘ಸಿ’, ಕೀಬೋರ್ಡ್ ‘ಸಿ4’: ಯಾವ ಸಪ್ತಕ ಅಂತ ಹ್ಯಾಂಗ ಗುರ್ತಿಸೋದು?

ಶಹಾಬಾದ್_ಕಲ್ಲು, ಕಲಬುರಗಿ

ಎಲ್ಲಾರಿಗೂ ನಮಸ್ಕಾರ್ರಿ. ಮದುವಿ ಮೆರವಣಿಗಿ ಬ್ಯಾಂಡಿನ ವಿಷಯ. ಬಿ ಫ್ಲ್ಯಾಟ್ ಟ್ರಂಪೆಟ್ ಎರಡು, ಮೂರು ಪಿಸ್ಟನ್ನಿನ ಯುಫೋನಿಯಂ ಒಂದು, ಸೂಸಾಫೋನ್ ಒಂದು, ಗಾಡಿ ಮ್ಯಾಲ ಯಮಾಹಾ ಕೀಬೋರ್ಡ್. ಬೆರಳು ಎಲ್ಲಾರಿಗೂ ಬರ್ತದ, ಸುರದ ಹೆಸರು ಹೇಳಾಕ ಹೋದ್ರ ಮಾತ್ರ ಒಬ್ಬರದು ಒಬ್ಬರಿಗಿ ತಾಳೆ ಆಗಲ್ಲ.

ಕೀಬೋರ್ಡ್ ಪರದೆ ಮ್ಯಾಲ ಸಿ4 ಅಂತ ಬರೋ ಮನಿ ಒತ್ತಿ, ಟ್ರಂಪೆಟ್ ಪುಸ್ತಕದಾಗಿನ ಸಿ4 ಊದಿದ್ರ ಎರಡರ ನಡುವೆ 14 ಅರ್ಧಸ್ವರ ಫರಕು ಬರ್ತದ. ಎರಡು ಬಂದಿದ್ರ ಬಿ ಫ್ಲ್ಯಾಟ್ ಬಾಜಾ ಅಂತ ಬಿಡಬಹುದಿತ್ತು. 14 ಯಾಕ?

ಯುಫೋನಿಯಂ ಪುಸ್ತಕ ಟ್ರೆಬಲ್ ಕ್ಲೆಫ್‌ನಾಗ ಅದ (ಕ್ಲೆಫ್ ಅಂದ್ರ ಐದು ಗೆರಿ ಮ್ಯಾಲ ಯಾವ ಸುರ ಎಲ್ಲಿ ಅಂತ ಹೇಳೋ ಗುರ್ತು). ಐದು ಗೆರಿ ಕೆಳಗಿನ ಸಿ ಊದಿದ್ರ, ಬಿ ಫ್ಲ್ಯಾಟಿಗಿ ಇಟ್ಟ ಫೋನ್ ಟ್ಯೂನರ್ ಸಿ3 ಅಂತದ. ಪುಸ್ತಕದ ಲೆಕ್ಕಕ್ಕ ಅದು ಸಿ4. ಯಾವುದು ಖರೆ?

‘ಮಿಡ್ಲ್ ಸಿ’ ಅಂದ್ರ ಒಬ್ಬ ಮಾಸ್ತರ್ ಗೆರಿ ಕೆಳಗಿನ ಸಿ ತೋರಸ್ತಾರ, ಇನ್ನೊಬ್ಬರು ಮೂರನೇ ಖಾನಿದಾಗಿನ ಸಿ ತೋರಸ್ತಾರ. ಸೂಸಾಫೋನ್ ಮ್ಯಾಲ ಬಿ ಬಿ ಫ್ಲ್ಯಾಟ್ ಅಂತ ಎರಡು ಬಿ ಕೊರದಾರ, ಅದ್ಯಾಕ? ಇಷ್ಟು ಸಾಲದು ಅಂತ ಪೇಟಿ ಬಾರಿಸೋರು ‘ಕರಿ ಒಂದು, ಮಂದ್ರ ಪ ದಿಂದ ಎತ್ಕೊಳ್ರಿ’ ಅಂತಾರ. ಆ ಪ ಯಾವ ನಂಬರು?

ಮೂರನೇ_ಪಿಸ್ಟನ್, ಬೀದರ್

ನಿಮ್ಮ 14ರಾಗ ಎರಡು ಬ್ಯಾರೆ ಬ್ಯಾರೆ ಫರಕು ಸೇರ್ಯಾವ: ಕೀಬೋರ್ಡ್ ಕಂಪನಿಯ ಎಣಿಕಿದು 12, ಬಿ ಫ್ಲ್ಯಾಟ್ ಬಾಜಾದ್ದು 2. ಬಿಡಿಸಿ ನೋಡೋಣ.

ನಂಬರಿನ ಪದ್ಧತಿ ಒಳಗ ಪಿಯಾನೋ ನಡುವಿನ ಸಿ ಅಂದ್ರ ಸಿ4, ಸೆಕೆಂಡಿಗೆ 261.6 ಕಂಪನ. ಅದರ ಮ್ಯಾಲಿನ ಎ ಅಂದ್ರ ಎ4, 440. ಟ್ಯೂನರ್‌ಗಳು ಇದನ್ನೇ ಹಿಡೀತಾವ. ಯಮಾಹಾದವರು ಮಾತ್ರ ನಡುವಿನ ಸಿಗೆ ಸಿ3 ಅಂತಾರ. ಅದಕ್ಕ ನಿಮ್ಮ ಪರದೆ ಸಿ4 ಅಂದಾಗ ಬರೋದು 523. ತಪ್ಪು ಅಲ್ಲ, ಅವರ ಎಣಿಕಿ ಒಂದು ಸಪ್ತಕ ಸರದದ, ಅಷ್ಟೆ. ಮಿಡಿ ನಂಬರಿನಾಗ, ಅಂದ್ರ ಎಲೆಕ್ಟ್ರಾನಿಕ್ ಬಾಜಾಗಳು ಒಂದಕ್ಕೊಂದು ಸುರ ಹೇಳೋ ನಂಬರಿನಾಗ, ನಡುವಿನ ಸಿ ಯಾವ ಕಂಪನಿಯಾದ್ರೂ 60. ಹೊರಗಿನಿಂದ ಯಾರರೆ ಹಾಡು ಬರೆದು ಕಳಿಸಿದ್ರ ಒಂದೇ ಮಾತು ಕೇಳ್ರಿ: ‘ನಿಮ್ಮ ಕಡೆ 440 ಅಂದ್ರ ಎ4 ಏನು, ಎ3 ಏನು?’ ಎ3 ಅಂದ್ರ ಅವರ ಎಲ್ಲಾ ನಂಬರಿಗೂ ಒಂದು ಕೂಡಿಸ್ಕೊಳ್ರಿ.

ಇನ್ನ ಆ 2. ಬಿ ಫ್ಲ್ಯಾಟ್ ಟ್ರಂಪೆಟ್ ಒಳಗ ಬರೆದ ಸುರ ಬ್ಯಾರೆ, ಕೇಳೋ ಸುರ ಬ್ಯಾರೆ. ಬರೆದ ಸಿ4 ಊದಿದ್ರ ಕೇಳೋದು ಬಿ ಫ್ಲ್ಯಾಟ್ 3, ಅಂದ್ರ 233. 523ರಿಂದ 233ಕ್ಕ ಇಳಿದ್ರ 14 ಅರ್ಧಸ್ವರ ಆಯ್ತು ನೋಡ್ರಿ.

ಖುಲ್ಲಾ ಬೆರಳಿನಾಗ, ಅಂದ್ರ ಒಂದೂ ಪಿಸ್ಟನ್ ಒತ್ತಲಾರದೆ, ಟ್ರಂಪೆಟ್ ಕೊಡೋ ಸುರ ಕೆಳಗಿಂದ ಹಿಂಗ ಬರ್ತಾವ. ಎಡಕ್ಕ ಬರೆದದ್ದು, ಬಲಕ್ಕ ಕೇಳೋದು:

ಸಿ4 – ಬಿ ಫ್ಲ್ಯಾಟ್ 3 (233)
ಜಿ4 – ಎಫ್4 (349)
ಸಿ5 – ಬಿ ಫ್ಲ್ಯಾಟ್ 4 (466)
ಇ5 – ಡಿ5 (587)
ಜಿ5 – ಎಫ್5 (698)
ಸಿ6 – ಬಿ ಫ್ಲ್ಯಾಟ್ 5 (932)

ಜಿ5ಕ್ಕೂ ಸಿ6ಕ್ಕೂ ನಡುವ ಇನ್ನೊಂದು ಸಿಗ್ತದ, ಬರೆದ ಬಿ ಫ್ಲ್ಯಾಟ್ 5ರ ಹತ್ರ. ಅದು 31 ಸೆಂಟ್ (ಒಂದು ಅರ್ಧಸ್ವರಕ್ಕ 100 ಸೆಂಟ್) ಇಳಿದಿರ್ತದ, ಹಂಗಾಗಿ ಖುಲ್ಲಾದಾಗ ಬಳಸಲ್ಲ, ಒಂದನೇ ಪಿಸ್ಟನ್ ಒತ್ತಿ ತಗೀತಾರ. ಖುಲ್ಲಾ ಇ5 ಕೂಡ 14 ಸೆಂಟ್ ತಗ್ಗು, ತುಟಿಯಿಂದ ಎತ್ಬೇಕು.

ಚೀಟಿ ಮ್ಯಾಲ ಬರೇ ‘0, 1, 12’ ಅಂತ ಬೆರಳು ಬರ್ಕೊಳ್ಳೋ ರೂಢಿ ಇದ್ರ ಸಪ್ತಕ ತಪ್ಪೋದು ಇಲ್ಲೇ. 0 ಅಂದ್ರ ಆರು ಸುರ! ಬೆರಳಿನ ಪಕ್ಕ ಮೆಟ್ಟಲಾ ಬರೀರಿ: 0/2 ಅಂದ್ರ ಸಿ4, 0/3 ಜಿ4, 0/4 ಸಿ5. ಎರಡರಿಂದ ಶುರು ಯಾಕಂದ್ರ ಒಂದನೇ ಮೆಟ್ಟಲು ಸಿ3, ಅದನ್ನ ಪೆಡಲ್ ಅಂತಾರ. ಟ್ರಂಪೆಟ್‌ನಾಗ ಅದು ಸರಿಯಾಗಿ ನಿಲ್ಲಲ್ಲ.

‘ಮಿಡ್ಲ್ ಸಿ’ ವಿಷಯ: ಪಿಯಾನೋ ಓದೋರಿಗೆ ಅದು ಸಿ4. ಟ್ರಂಪೆಟ್‌ನವರ ಬಾಯಾಗ ಗೆರಿ ಕೆಳಗಿನ ಸಿ ‘ಲೋ ಸಿ’, ಮೂರನೇ ಖಾನಿದು ‘ಮಿಡ್ಲ್ ಸಿ’, ಮ್ಯಾಲ ಎರಡು ತುಂಡು ಗೆರಿ ಮ್ಯಾಲ ಕೂತದ್ದು ‘ಹೈ ಸಿ’, ಅದರ ಮ್ಯಾಲಿಂದು ‘ಡಬಲ್ ಹೈ ಸಿ’. ನಂಬರಿನಾಗ 4, 5, 6, 7, ಎಲ್ಲಾ ಬರೆದ ಸುರದ ಲೆಕ್ಕ. ಇಬ್ಬರು ಮಾಸ್ತರೂ ತಪ್ಪಿಲ್ಲ. ತಾಲೀಮಿನಾಗ ಆ ಶಬ್ದ ಬಿಟ್ಟು ‘ಗೆರಿ ಕೆಳಗಿನ ಸಿ’, ‘ಮೂರನೇ ಖಾನಿ ಸಿ’ ಅನ್ರಿ.

ಬಾಸ್_ಬಾಜಾ, ಚಿತ್ತಾಪುರ

ಒಂದು ಕಡೆ ತಪ್ಪಾಗ್ಯಾದ ಅನಸ್ತದ. ಬರೆದ ಸಿ4 ಊದಿದ್ರ ಬಿ ಫ್ಲ್ಯಾಟ್ 4 ಬರಬೇಕಲ್ಲ? ಎರಡೇ ಅರ್ಧಸ್ವರ ಇಳಿಯೋದು, ಸಪ್ತಕ ಯಾಕ ಬದಲಾಗ್ತದ?

ಮೂರನೇ_ಪಿಸ್ಟನ್, ಬೀದರ್

ನಂಬರು ಬದಲಾಗೋದು ಸಿ ಹತ್ರ, ಎ ಹತ್ರ ಅಲ್ಲ. ಎ, ಬಿ, ಸಿ ಅಂತ ಅಕ್ಷರ ಎಣಿಸಿದವರೆಲ್ಲಾ ಇಲ್ಲೇ ಎಡವ್ತಾರ. ಸಿ4, ಡಿ4, ಇ4 ಅಂತ ಏರಿ ಎ4, ಬಿ4 ಮುಗೀತು, ಮುಂದ ಸಿ5. ಹಂಗಾದ್ರ ಸಿ4 ಕೆಳಗಿನ ಬಾಜೂ ಮನಿ ಬಿ3, ಅದರ ಕೆಳಗಿಂದು ಬಿ ಫ್ಲ್ಯಾಟ್ 3. ಬಿ ಫ್ಲ್ಯಾಟ್ 4 ಅಂದ್ರ ಸಿ4ಕ್ಕಿಂತ 10 ಅರ್ಧಸ್ವರ ಮ್ಯಾಲ ಅದ.

ಸರಗಮ್ ಬರ್ಕೊಳ್ಳೋರು ಇದನ್ನ ನೆನಪಿಟ್ಕೋಬೇಕು. ಸರಗಮ್‌ನಾಗ ಸಪ್ತಕ ಸಾ ಹತ್ರ ಬದಲಾಗ್ತದ. ಸಾ ಬಿ ಫ್ಲ್ಯಾಟ್ 3 ಇದ್ರ ರೆ ಸಿ4. ಸಾ ದಾಟಿ ರೆಗೆ ಬರೋದ್ರಾಗ ನಂಬರು ಬದಲಾಯ್ತು, ಮಧ್ಯ ಸಪ್ತಕ ಮಾತ್ರ ಅದೇ ಅದ. ನಂಬರು ಒಂದು ಕಡೆ, ಸರಗಮ್‌ನ ಸಪ್ತಕ ತೋರಿಸೋ ಚುಕ್ಕಿ ಇನ್ನೊಂದು ಕಡೆ ಬದಲಾಗೋದು ತಪ್ಪಲ್ಲ.

ತೊಗರಿಬ್ಯಾಳಿ, ಕಲಬುರಗಿ

ಯುಫೋನಿಯಂ ಮತ್ತು ಸೂಸಾಫೋನ್ ಬಗ್ಗೆ ಬರೆಯುತ್ತೇನೆ, ಅಲ್ಲಿ ಗೊಂದಲ ಇನ್ನೂ ದೊಡ್ಡದು.

ಮೊದಲು ಕೊಳವೆಯ ಉದ್ದ. ಸುತ್ತಿದ್ದನ್ನೆಲ್ಲ ಬಿಚ್ಚಿ ನೇರ ಮಾಡಿದರೆ ಬಿ ಫ್ಲ್ಯಾಟ್ ಟ್ರಂಪೆಟ್ ಸುಮಾರು ನಾಲ್ಕೂವರೆ ಅಡಿ, ಯುಫೋನಿಯಂ 9 ಅಡಿ, ಬಿ ಬಿ ಫ್ಲ್ಯಾಟ್ ಸೂಸಾಫೋನ್ 18 ಅಡಿ. ಉದ್ದ ಇಮ್ಮಡಿ ಆದಂತೆ ಒಂದೊಂದು ಸಪ್ತಕ ಕೆಳಗೆ. ಮೂರರಲ್ಲೂ ಎರಡನೇ ಪಿಸ್ಟನ್ ಅರ್ಧಸ್ವರ, ಒಂದನೆಯದು ಎರಡು, ಮೂರನೆಯದು ಮೂರು ಅರ್ಧಸ್ವರ ಇಳಿಸುತ್ತದೆ. ಹಾಗಾಗಿ ಬೆರಳು ಮೂರಕ್ಕೂ ಒಂದೇ.

ಬ್ರಿಟಿಷ್ ಬ್ರಾಸ್ ಬ್ಯಾಂಡ್ ಪದ್ಧತಿ ಇದರ ಲಾಭ ಪಡೆಯಿತು. ಬಾಸ್ ಟ್ರಾಂಬೋನ್ ಒಂದನ್ನು ಬಿಟ್ಟು ಉಳಿದ ಎಲ್ಲ ಊದುವ ಬಾಜಾಗಳಿಗೂ ಟ್ರೆಬಲ್ ಕ್ಲೆಫ್‌ನಲ್ಲೇ ಬರೆಯುತ್ತಾರೆ. ಕಾರ್ನೆಟ್ ಕಲಿತವನು ಬಾಸ್ ಎತ್ತಿಕೊಂಡರೂ ಓದು, ಬೆರಳು ಬದಲಾಗುವುದಿಲ್ಲ. ಬೆಲೆ ಏನೆಂದರೆ ಪುಟದ ಮೇಲಿನ ಸಪ್ತಕಕ್ಕೂ ಕಿವಿಗೆ ಬೀಳುವ ಸಪ್ತಕಕ್ಕೂ ನಂಟು ಕಡಿದುಹೋಗುತ್ತದೆ. ಬರೆದ ಸಿ4 ಟ್ರಂಪೆಟ್‌ನಲ್ಲಿ ಬಿ ಫ್ಲ್ಯಾಟ್ 3, ಯುಫೋನಿಯಂನಲ್ಲಿ ಬಿ ಫ್ಲ್ಯಾಟ್ 2, ಬಿ ಬಿ ಫ್ಲ್ಯಾಟ್ ಬಾಸ್‌ನಲ್ಲಿ ಬಿ ಫ್ಲ್ಯಾಟ್ 1. ಕಂಪನ ಕ್ರಮವಾಗಿ 233, 116.5, 58.3.

ನಿಮ್ಮ ಟ್ಯೂನರ್‌ಗೆ ಬನ್ನಿ. ಬಿ ಫ್ಲ್ಯಾಟಿಗೆ ಇಟ್ಟರೆ ಅದು ಕೇಳಿದ ಸುರಕ್ಕೆ ಎರಡು ಅರ್ಧಸ್ವರ ಮಾತ್ರ ಕೂಡಿಸುತ್ತದೆ. ಬಿ ಫ್ಲ್ಯಾಟ್ 2 ಕೇಳಿಸಿತು, ಸಿ3 ತೋರಿಸಿತು. ಪುಸ್ತಕ ಕೂಡಿಸಿರುವುದು 14. ಎರಡೂ ಖರೆ, ಕೂಡಿಸಿದ ಮೊತ್ತ ಬೇರೆ. ಕೇಳುವ ಸುರದಿಂದ ಬರೆದ ಸುರಕ್ಕೆ ಹೋಗಲು ಎಷ್ಟು ಅರ್ಧಸ್ವರ ಕೂಡಿಸಬೇಕು ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ: ಬಿ ಫ್ಲ್ಯಾಟ್ ಟ್ರಂಪೆಟ್, ಕಾರ್ನೆಟ್, ಕ್ಲಾರಿನೆಟ್ 2; ಇ ಫ್ಲ್ಯಾಟ್ ಟೆನರ್ ಹಾರ್ನ್ ಮತ್ತು ಆಲ್ಟೋ ಸ್ಯಾಕ್ಸ್ 9; ಟ್ರೆಬಲ್ ಕ್ಲೆಫ್ ಯುಫೋನಿಯಂ ಮತ್ತು ಟೆನರ್ ಸ್ಯಾಕ್ಸ್ 14; ಟ್ರೆಬಲ್ ಕ್ಲೆಫ್ ಇ ಫ್ಲ್ಯಾಟ್ ಬಾಸ್ 21, ಬಿ ಬಿ ಫ್ಲ್ಯಾಟ್ ಬಾಸ್ 26.

ಯುಫೋನಿಯಂ ಪುಸ್ತಕ ಬಾಸ್ ಕ್ಲೆಫ್‌ನಲ್ಲಿದ್ದರೆ ಕೂಡಿಸುವುದು ಸೊನ್ನೆ, ಬರೆದದ್ದೇ ಕೇಳುತ್ತದೆ. ಅಲ್ಲಿ ಖುಲ್ಲಾ ಬಿ ಫ್ಲ್ಯಾಟ್ 2 ಕೆಳಗಿನಿಂದ ಎರಡನೇ ಗೆರೆಯ ಮೇಲೆ ಕೂರುತ್ತದೆ. ಸೂಸಾಫೋನಿನ ಬಿ ಫ್ಲ್ಯಾಟ್ 1 ಕೆಳಗೆ ಎರಡು ತುಂಡುಗೆರೆ ಎಳೆದು ಅದರ ಅಡಿಯಲ್ಲಿ ತೂಗುತ್ತದೆ. ಪುಟ ತೆಗೆದ ಕೂಡಲೇ ಕ್ಲೆಫ್ ನೋಡದೆ ಸುರದ ಹೆಸರು ಹೇಳಬಾರದು.

ಎರಡು ‘ಬಿ’ ಬಂದದ್ದು ನಂಬರಿಗಿಂತ ಹಳೆಯ ಪದ್ಧತಿಯಿಂದ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ಗ್ರಂಥದಲ್ಲಿ ಬಳಸಿದ ರೀತಿಯಲ್ಲಿ ನಡುವಿನ ಸಿ ಎಂದರೆ ಸಣ್ಣಕ್ಷರದ ಸಿ, ತಲೆ ಮೇಲೆ ಒಂದು ಗೀಟು. ಒಂದು ಸಪ್ತಕ ಇಳಿದರೆ ಗೀಟಿಲ್ಲದ ಸಣ್ಣಕ್ಷರ, ಇನ್ನೊಂದು ಇಳಿದರೆ ದೊಡ್ಡಕ್ಷರ. ಅದಕ್ಕೂ ಕೆಳಗಿನದಕ್ಕೆ ಇಂಗ್ಲಿಷ್ ರೂಢಿಯಲ್ಲಿ ದೊಡ್ಡಕ್ಷರವನ್ನೇ ಎರಡು ಸಲ ಬರೆಯುತ್ತಾರೆ. ಬಿ ಬಿ ಫ್ಲ್ಯಾಟ್ ಎಂದರೆ ನಂಬರಿನಲ್ಲಿ ಬಿ ಫ್ಲ್ಯಾಟ್ 1, ನಿಮ್ಮ ಸೂಸಾಫೋನಿನ ಖುಲ್ಲಾ ಎರಡನೇ ಮೆಟ್ಟಿಲು. ಜರ್ಮನ್ ಪುಟ ಕೈಗೆ ಸಿಕ್ಕರೆ ಇನ್ನೊಂದು ಎಚ್ಚರ: ಅಲ್ಲಿ ಬರೀ ‘ಬಿ’ ಎಂದರೆ ನಮ್ಮ ಬಿ ಫ್ಲ್ಯಾಟ್, ನಮ್ಮ ಬಿಗೆ ಅವರು ‘ಎಚ್’ ಎನ್ನುತ್ತಾರೆ.

ಕರಿ_ಐದು, ಯಾದಗಿರಿ

ಪೇಟಿ ಕಡೆಯ ಮಾತು. ಕರಿ 1 ಎಂದರೆ ಸಿ ಶಾರ್ಪ್, ಬಿಳಿ 4 ಎಂದರೆ ಎಫ್, ಕರಿ 5 ಎಂದರೆ ಎ ಶಾರ್ಪ್, ಅಂದರೆ ನಿಮ್ಮ ಬಿ ಫ್ಲ್ಯಾಟ್. ಪಟ್ಟಿಯ ಹೆಸರು ಸುರ ಹೇಳುತ್ತದೆ, ಸಪ್ತಕ ಹೇಳುವುದಿಲ್ಲ. ಮಂದ್ರ, ಮಧ್ಯ, ತಾರ ಎಂಬುವು ಹಾಡುವವರ ಗಂಟಲಿಗೆ ಅಂಟಿಕೊಂಡವು. ಕರಿ 1ರಲ್ಲಿ ಹಾಡುವ ಗಂಡಸಿನ ಮಧ್ಯ ಸಾ ಸಾಮಾನ್ಯವಾಗಿ ಸಿ ಶಾರ್ಪ್ 3, ಸುಮಾರು 139 ಕಂಪನ. ಕರಿ 5ರಲ್ಲಿ ಹಾಡುವ ಹೆಣ್ಣುಮಗಳ ಮಧ್ಯ ಸಾ ಬಿ ಫ್ಲ್ಯಾಟ್ 3, ಅಂದರೆ 233. ಆದ್ದರಿಂದ ಮಂದ್ರ 3, ಮಧ್ಯ 4, ತಾರ 5 ಎಂದು ಒಮ್ಮೆಗೇ ಅಂಟಿಸಿಬಿಟ್ಟರೆ ಗಂಡಸರ ಹಾಡಿನಲ್ಲೆಲ್ಲ ಒಂದು ಸಪ್ತಕ ತಪ್ಪುತ್ತದೆ. ‘ಸಾ ಯಾವ ಪಟ್ಟಿ, ಯಾರ ಧ್ವನಿ?’ ಎಂದು ಎರಡೂ ಕೇಳಬೇಕು.

ಪೇಟಿಯಿಂದ ಸಪ್ತಕ ಹಿಡಿಯುವಾಗ ಒಂದು ಮೋಸ ಇದೆ. ಬಾಸ್, ಮೇಲ್ ಎರಡು ಸಾಲು ರೀಡ್ ಇರುವ ಪೇಟಿಯಲ್ಲಿ ಎರಡೂ ತೆರೆದಿದ್ದರೆ ಒಂದೇ ಮನೆ ಒತ್ತಿದರೂ ಸಪ್ತಕದ ಅಂತರದ ಎರಡು ಸುರ ಒಟ್ಟಿಗೆ ಬರುತ್ತವೆ. ಕಪ್ಲರ್ ಎಳೆದಿದ್ದರೆ ಇನ್ನೊಂದು ಮನೆಯೂ ತಾನಾಗಿ ಒತ್ತಿಕೊಳ್ಳುತ್ತದೆ. ಟ್ರಂಪೆಟ್ ಯಾವುದಕ್ಕೆ ಸೇರಿದರೂ ಸರಿ ಎನಿಸುತ್ತದೆ. ಕಪ್ಲರ್ ಬಿಟ್ಟು, ಒಂದು ಸಾಲು ರೀಡ್ ಮುಚ್ಚಿ, ಆಮೇಲೆ ತಾಳೆ ನೋಡಿ.

ಶಹಾಬಾದ್_ಕಲ್ಲು, ಕಲಬುರಗಿ

ಭಾಳ ಉಪಕಾರ ಆಯ್ತ್ರಿ. ಹಂಗಾದ್ರ ಗಂಡಸಿನ ಹಾಡು, ಕರಿ 1, ಇಳಿದ್ರ ಮಂದ್ರ ಪ, ಏರಿದ್ರ ತಾರ ಗ. ಸಾ ಸಿ ಶಾರ್ಪ್ 3. ಟ್ರಂಪೆಟ್‌ಗ ಎರಡು ಕೂಡಿಸಿ ಇ ಫ್ಲ್ಯಾಟ್ 3 ಬರೀಬೇಕಾ?

ಮೂರನೇ_ಪಿಸ್ಟನ್, ಬೀದರ್

ಲೆಕ್ಕ ಬರೋಬರಿ, ಬಾಜಾ ಒಪ್ಪಲ್ಲ. ಟ್ರಂಪೆಟ್‌ನ ತಳ ಬರೆದ ಎಫ್ ಶಾರ್ಪ್ 3, ಮೂರೂ ಪಿಸ್ಟನ್ ಒತ್ತಿದಾಗ. ಇ ಫ್ಲ್ಯಾಟ್ 3 ಅದರ ಕೆಳಗ ಹೋಯ್ತು. ಒಂದು ಸಪ್ತಕ ಏರಿಸಿ ಸಾ ಅನ್ನ ಬರೆದ ಇ ಫ್ಲ್ಯಾಟ್ 4 ಮಾಡ್ರಿ, ಬೆರಳು 2-3. ಮಂದ್ರ ಪ ಬರೆದ ಬಿ ಫ್ಲ್ಯಾಟ್ 3, ಬೆರಳು 1. ತಾರ ಸಾ ಇ ಫ್ಲ್ಯಾಟ್ 5, ಬೆರಳು 2. ತಾರ ಗ ಜಿ5, ಖುಲ್ಲಾ. ಮೆರವಣಿಗಿಯೊಳಗ ತಾಸುಗಟ್ಟಲೆ ಊದೋ ತುಟಿಗಿ ಜಿ5 ತನಕ ಆರಾಮ. ತಾರ ಪ ಬೇಕಂದ್ರ ಬಿ ಫ್ಲ್ಯಾಟ್ 5, ಅದನ್ನ ಮೊದಲನೇ ತಾಸಿನಾಗೇ ಮುಗಿಸ್ರಿ!

ಹಾಡು ಇನ್ನೂ ಕೆಳಗ ಇಳಿದ್ರ ಮಂದ್ರ ಶುದ್ಧ ಗ ಬರೆದ ಜಿ3, ಬೆರಳು 1-3; ಕೋಮಲ ಗ ಎಫ್ ಶಾರ್ಪ್ 3, ಬೆರಳು 1-2-3. ಮಂದ್ರ ರೆ ಟ್ರಂಪೆಟ್‌ನಾಗ ಸಿಗೋದೇ ಇಲ್ಲ, ಅದನ್ನ ಯುಫೋನಿಯಂಗ ಕೊಡ್ರಿ. 1-3, 1-2-3 ಎರಡೂ ಬೆರಳು ಸುರ ಏರಿಸಿಯೇ ಕೊಡ್ತಾವ: ಒಂದೊಂದು ಪಿಸ್ಟನ್ನಿನ ಕೊಳವಿ ಉದ್ದ ಖುಲ್ಲಾ ಬಾಜಾದ ಅಳತಿಗೆ ಮಾಡಿದ್ದು, ಕೂಡಿ ಒತ್ತಿದಾಗ ಒಟ್ಟು ಉದ್ದ ಕಮ್ಮಿ ಬೀಳ್ತದ. ಮೂರನೇ ಪಿಸ್ಟನ್ನಿನ ಸ್ಲೈಡ್‌ಗೆ ಬಳಿ ಇಟ್ಟಿರೋದು ಅದಕ್ಕೇ, ಎಡಗೈ ಬೆರಳಿಲೆ ಹೊರಗ ತಳ್ಳಾಕ. 1-2-3ಕ್ಕ ಜಾಸ್ತಿ, 1-3ಕ್ಕ ಅದಕ್ಕಿಂತ ಕಮ್ಮಿ. ಭಾಳ ಬಾಜಾದಾಗ ಆ ಸ್ಲೈಡ್ ಕಿಲುಬು ಹಿಡದು ಅಲ್ಲಾಡಲ್ಲ. ಇಕ್ಕಳ ಹಾಕಿ ಎಳೀಬ್ಯಾಡ್ರಿ, ಕೊಳವಿ ಚಪ್ಪಟಿ ಆಗ್ತದ. ಸಂದಿನ್ಯಾಗ ತೆಳ್ಳನ ಎಣ್ಣಿ ಬಿಟ್ಟು ಒಂದು ರಾತ್ರಿ ಇಟ್ಟು, ಬಳಿಯೊಳಗ ಬಟ್ಟಿ ತೂರಿಸಿ ನೆಟ್ಟಗ ಜಗ್ರಿ.

ಯುಫೋನಿಯಂದು ಸ್ವಾರಸ್ಯ ಅದ. ಸಿ ಶಾರ್ಪ್ 3ಕ್ಕ 14 ಕೂಡಿಸಿದ್ರ ಬರೆದ ಇ ಫ್ಲ್ಯಾಟ್ 4, ಟ್ರಂಪೆಟ್ ಪುಟದಾಗಿಂದೇ! ಬೆರಳೂ 2-3. ಅದು ಹಾಡೋರ ಸಪ್ತಕದಾಗೇ ನಿಲ್ತದ, ಟ್ರಂಪೆಟ್ ಒಂದು ಸಪ್ತಕ ಮ್ಯಾಲ. ಅದೇ ಸುರ ಸೂಸಾಫೋನ್ ಊದಿದ್ರ ಸಿ ಶಾರ್ಪ್ 2. ಬಾಸ್‌ನವರಿಗೂ ಟ್ರೆಬಲ್ ಓದು ಬಂದ್ರ ಒಂದು ಪುಟ ಮೂರು ಝೆರಾಕ್ಸ್ ತಗದ್ರ ಸಾಕು. ಪುಟದ ತಲಿ ಮ್ಯಾಲ ‘ಬರೆದ ಸುರ, ಬಿ ಫ್ಲ್ಯಾಟ್, ಟ್ರೆಬಲ್’ ಅಂತ ಹಾಕ್ರಿ. ಕೀಬೋರ್ಡಿನವರಿಗೆ ಈ ಪುಟ ಕೊಡಬ್ಯಾಡ್ರಿ, ಅವರಿಗೆ ಕೇಳೋ ಸುರ ಬರೆದ ಬ್ಯಾರೆ ಚೀಟಿ, ಮ್ಯಾಲ ‘ಯಮಾಹಾ ನಂಬರು’ ಅಂತ.

ತೊಗರಿಬ್ಯಾಳಿ, ಕಲಬುರಗಿ

ಕೂಡಿಸಿ ನೋಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಸಪ್ತಕದ ತಪ್ಪು ಕಿವಿಗೆ ಬೇಗ ಸಿಗುವುದಿಲ್ಲ, ಸಪ್ತಕ ದೂರದ ಎರಡು ಸುರ ಒಂದರೊಳಗೊಂದು ಕರಗಿಬಿಡುತ್ತವೆ. ಟ್ರಂಪೆಟ್‌ನ ಗೆರೆ ಕೆಳಗಿನ ಸಿ, ಯುಫೋನಿಯಂನ ಮೂರನೇ ಖಾನೆ ಸಿ ಒಟ್ಟಿಗೆ ಊದಿಸಿ. ಎರಡೂ ಬಿ ಫ್ಲ್ಯಾಟ್ 3, ಎರಡೂ 233. ಈಗ ಟ್ರಂಪೆಟ್‌ನ ಟ್ಯೂನಿಂಗ್ ಸ್ಲೈಡನ್ನು ಸ್ವಲ್ಪವೇ ಹೊರಗೆಳೆಯಿರಿ. 233ರ ಜೊತೆ 231 ಆದರೆ ಸೆಕೆಂಡಿಗೆ ಎರಡು ಸಲ ಸದ್ದು ಏರಿಳಿಯುವುದು ಸ್ಪಷ್ಟವಾಗಿ ಕೇಳುತ್ತದೆ. ಒಬ್ಬರು ಸಪ್ತಕ ತಪ್ಪಿದ್ದರೆ ಆ ಏರಿಳಿತ ತೆಳ್ಳಗಾಗಿ ಅಡಗುತ್ತದೆ.

ಇದನ್ನು ನೆರಳಿನಲ್ಲಿ ಮಾಡಿ, ಹತ್ತು ನಿಮಿಷ ಊದಿ ಬಾಜಾ ಬಿಸಿ ಮಾಡಿಕೊಂಡ ಮೇಲೆ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಹಿತ್ತಾಳೆ ಬಾಜಾದ ಸುರ ಏರುತ್ತದೆ, ಕೀಬೋರ್ಡ್ ಅಲ್ಲೇ ಇರುತ್ತದೆ. ತೀರಾ ಹಳೆಯ ಬಾಜಾ ಅರ್ಧ ಅರ್ಧಸ್ವರದಷ್ಟು ಏರಿಯೇ ನಿಂತಿದ್ದರೆ ಅದು ಬೇರೆ ರೋಗ. ಬ್ರಿಟಿಷ್ ಬ್ರಾಸ್ ಬ್ಯಾಂಡ್‌ಗಳು 1960ರ ದಶಕದವರೆಗೂ ಎ ಅನ್ನು 452ರ ಸುಮಾರಿಗೆ ಇಟ್ಟಿದ್ದವು, ಆ ಅಳತೆಯ ಬಾಜಾಗಳು ಇನ್ನೂ ಕೈ ಬದಲಾಗುತ್ತಿವೆ. ಅದಕ್ಕೆ ಟ್ಯೂನಿಂಗ್ ಸ್ಲೈಡ್ ಉದ್ದ ಮಾಡಿಸಬೇಕು, ಹೆಸರು ತಿದ್ದಿದರೆ ಹೋಗುವುದಿಲ್ಲ.

ಬಾಸ್_ಬಾಜಾ, ಚಿತ್ತಾಪುರ

ಸಿ ಹತ್ರ ನಂಬರು ಬದಲಾಗೋದು ತಿಳೀತ್ರಿ. ಆದ್ರ ಸೂಸಾಫೋನ್ ಖುಲ್ಲಾ ಕೆಳಗಿನ ಬಿ ಫ್ಲ್ಯಾಟ್ ಊದಿದ್ರ ಫೋನ್ ಟ್ಯೂನರ್ ಒಮ್ಮೆ ಬಿ ಫ್ಲ್ಯಾಟ್ 1, ಒಮ್ಮೆ ಬಿ ಫ್ಲ್ಯಾಟ್ 2, ಒಮ್ಮೊಮ್ಮೆ ಎಫ್ ಅಂತದ. ತುಟಿ ಜಾರ್ತದೇನು?

ತೊಗರಿಬ್ಯಾಳಿ, ಕಲಬುರಗಿ

ತುಟಿ ಅಲ್ಲ, ಫೋನಿನ ಮೈಕ್. 58 ಕಂಪನವನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಅದರ ಮೇಲಿನ ಎರಡನೇ, ಮೂರನೇ ಪಾಲುಗಳು, ಅಂದರೆ 116.5 ಮತ್ತು 175, ಜೋರಾಗಿ ಬೀಳುತ್ತವೆ. 175 ಎಂದರೆ ಎಫ್3. ಟ್ಯೂನರ್ ಅದನ್ನೇ ಮೂಲ ಸುರ ಎಂದುಕೊಳ್ಳುತ್ತದೆ. ಅಲುಗಾಟ ಹಿಡಿಯುವ ಕ್ಲಿಪ್ ಟ್ಯೂನರನ್ನು ಮೌತ್‌ಪೀಸ್ ಹತ್ತಿರದ ಕೊಳವೆಗೆ ಸಿಕ್ಕಿಸಿದರೆ ಊರ ಗದ್ದಲವಾದರೂ ಸೇರುವುದಿಲ್ಲ. ಅದೂ ನಂಬರು ತಪ್ಪಿದರೆ ಒಂದು ಸಪ್ತಕ ಮೇಲಿನ ಖುಲ್ಲಾ ಬಿ ಫ್ಲ್ಯಾಟ್ 2ರಲ್ಲಿ ಸುರ ಸೇರಿಸಿಕೊಂಡು ಕೆಳಗಿಳಿಯಿರಿ.